ಒಣಬಟ್ಟೆಯ ಗೆರೆಗಳು

ಲೇ ಉದ್ದಪ್ಪ,

ಇದನ್ನು ನಿನಗೆ ಕಳಿಸುವ ಮುಖ ನನಗಿಲ್ಲ. ಆದರೂ ಕೇಳು.

ನನ್ನ ಕಪ್ಪು ಸ್ಪೋರ್ಟ್ಸ್ ಕಾರನ್ನು ಇವತ್ತು ಪಾಲಿಶ್‌ಗೆ ಕೊಟ್ಟೆ. ಹನ್ನೊಂದು ವರ್ಷದ ಹಿಂದೆ ನೀನು ಎರಡು ದಿನಕ್ಕೆ ಒಯ್ದು ತಂದಾಗ, ಬಿಸಿಲಲ್ಲಿ ಅದರ ಮೈತುಂಬ ಗೆರೆ ಕಂಡು, ಬಾಯಿಗೆ ಬಂದಂತೆ ಬೈದು ನಿನ್ನನ್ನು ಅಟ್ಟಿದ್ದೆ. ಕಾರನ್ನೂ ಮೂಲೆಗೆ ತಳ್ಳಿದ್ದೆ. "ನಾನು ಬಟ್ಟೆನೂ ಮುಟ್ಸಿಲ್ಲ ಕಣೋ" ಎಂದಿದ್ದೆ ನೀನು.

ಪಾಲಿಶ್‌ನವನು ತೊಳೆದು, ಬಾನೆಟ್ ಮೇಲೆ ದೀಪ ಹಿಡಿದ. ಜೇಡರ ಬಲೆಯಂತೆ ಸುತ್ತು ಸುತ್ತು ಗೆರೆ.

"ಇದು ಒಂದೆರಡು ದಿನದ್ದಲ್ಲ ಸಾರ್. ಧೂಳಿನ ಮೇಲೇ ದಿನಾ ಒಣಬಟ್ಟೇಲಿ ಒರೆಸಿದಾರೆ. ವರ್ಷಗಟ್ಟಲೆ."

ನೀನು ಒಯ್ಯುವ ಮುಂಚೆ ದಿನಾ ಬೆಳಿಗ್ಗೆ, ಹಲ್ಲುಜ್ಜುವ ಮೊದಲೇ, ಮುದ್ದಿನಿಂದ ಒರೆಸುತ್ತಿದ್ದವನು ನಾನು.

"ಯಾರ್ ಸಾರ್ ಒರೆಸ್ತಿದ್ದಿದ್ದು?" ಎಂದು ಕೇಳಿದ.

ನನ್ನ ಬಾಯಿಂದ ಮತ್ತೆ ನಿನ್ನ ಹೆಸರೇ ಬಂತು ಕಣೋ.