ಕೆನ್ನೆಗೆ ಹಚ್ಚಿದ ನೀಲಗಿರಿ ಎಣ್ಣೆ

ಜೀವಿತಾ,

ನೀನು ನನ್ನೊಡನೆ ಮಾತು ಬಿಟ್ಟು ಮೂರು ದಿನವಾಯಿತು, ಅದಕ್ಕೇ ಈ ಚೀಟಿ. ಫ್ಯಾಕ್ಟರಿ ಲಾರಿ ಬರುವಷ್ಟರಲ್ಲಿ ಚಹಾ ಎಲೆ ಕೊಯ್ದು ಮುಗಿಸಬೇಕು, ಹೊರಟೆ.

ಹತ್ತು ಗಂಟೆಯ ಬಸ್ಸು ತಪ್ಪಿಸಬೇಡ. ಕೂನೂರಿನ ಚರ್ಮದ ಡಾಕ್ಟರು ಹನ್ನೊಂದೂವರೆಗೆ ಬರಹೇಳಿದ್ದಾರೆ. ಮುಖಕ್ಕೆ ಪೌಡರ್ ಮೆತ್ತಿಕೊಳ್ಳಬೇಡ. ಹಳೆಯ ಮೊಡವೆಯ ಗುಳಿ ಯಾವುದು, ಹೊಸದಾಗಿ ಸುಟ್ಟದ್ದು ಯಾವುದು ಅವರಿಗೆ ಕಾಣಬೇಕು. ಸುಟ್ಟದ್ದು ಮಾಯುವ ತನಕ ಗುಳಿ ತುಂಬಿಸುವ ಸೂಜಿ ಚಿಕಿತ್ಸೆ ಮಾಡುವುದಿಲ್ಲವಂತೆ, ಫೋನಿನಲ್ಲೇ ಹೇಳಿದರು. ಗಾಯದ ಹಕ್ಕಳೆ ಕೀಳಬೇಡ, ಎಷ್ಟು ಸಲ ಹೇಳಲಿ! ಬಿಸಿಲಿಗೆ ಕೊಡೆ ಹಿಡಿ.

ಸಾರು ಒಲೆ ಮೇಲಿದೆ. ಉಂಡೇ ಹೋಗು.

ಮಾವ ಭಟ್ಟಿ ಇಳಿಸಿ ಕೊಟ್ಟ ನೀಲಗಿರಿ ಎಣ್ಣೆಯ ಬಾಟಲಿ ನಿನ್ನ ಚೀಲದಲ್ಲಿದೆ, ಡಾಕ್ಟರಿಗೆ ತೋರಿಸು. ಯಾರು ಹಚ್ಚಿದ್ದೆಂದು ಕೇಳಿದರೆ ನನ್ನ ಹೆಸರೇ ಹೇಳು. ನೆಗಡಿಗೆ, ಮಂಡಿನೋವಿಗೆ ಆಗುವ ಎಣ್ಣೆ ಗುಳಿಗೂ ಆದೀತು ಅಂದುಕೊಂಡಿದ್ದೆ. “ಅವ್ವೆ, ಉರಿತದೆ” ಎಂದು ನೀನು ಅತ್ತಾಗ, ನಾಟಕ ಆಡಬೇಡ ಎಂದು ಗದರಿ ಒಂದು ಗಂಟೆ ಹಾಗೇ ಕೂರಿಸಿದೆ.

ನಿನ್ನೆ ಸಂಜೆ ಅದನ್ನೇ ನನ್ನ ಕೆನ್ನೆಗೆ ಹಚ್ಚಿಕೊಂಡು ನೋಡಿದೆ. ಹತ್ತು ಎಣಿಸುವಷ್ಟರಲ್ಲಿ ನಲ್ಲಿಗೆ ಓಡಿದೆ.

ಅವ್ವೆ