ಕಿವಿಯಣ್ಣನಿಗೆ ನಾನು ಕೊಟ್ಟ ಒಂಬತ್ತು ಅಂಕ

ಗ್ರಾಹಕರ ತೃಪ್ತಿಯನ್ನು ಅಳೆಯುವ ವಿಭಾಗದ ಮುಖ್ಯಸ್ಥರೇ,

ನಿಮ್ಮ ಸರ್ವೀಸ್ ಸೆಂಟರಿನ ಒಬ್ಬ ಮೆಕ್ಯಾನಿಕ್‌ಗೆ ನಾನು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ. ಅಷ್ಟು ಕಡಿಮೆ ಅಂಕ ಪಡೆದ ತಪ್ಪಿಗೆ ಬರುವ ಶುಕ್ರವಾರ ನೀವು ಅವರನ್ನು ಕೆಲಸದಿಂದ ತೆಗೆಯಲಿದ್ದೀರಿ. ಈ ಪತ್ರ ನಿಮ್ಮ ಮೇಜಿಗೆ ಬರುವ ಹೊತ್ತಿಗೆ ಮೂರು ದಿನ ಉಳಿದಿರುತ್ತದೆ. ಹಾಗಾಗಿ 'ತಾವು ಕ್ಷೇಮವೆಂದು ನಂಬುತ್ತೇನೆ' ಎಂಬ ಸಾಲನ್ನು ಬಿಟ್ಟಿದ್ದೇನೆ. ನಾನಂತೂ ಕ್ಷೇಮವಾಗಿಲ್ಲ.

ನಾನು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತಳಾದವಳು. ನನ್ನ ಕೆಲಸದ ಅರ್ಧ ಪಾಲು ಅಂಕ ಹಾಕುವುದೇ ಆಗಿತ್ತು. ಪ್ರಬಂಧಕ್ಕೆ ಹತ್ತು ಅಂಕ. ಆ ಹತ್ತನ್ನು ನಾನು ಯಾರಿಗೂ ಪೂರ್ತಿ ಕೊಟ್ಟವಳಲ್ಲ. ಸಹೋದ್ಯೋಗಿಗಳು ಜಿಪುಣಿ ಎಂದು ಆಡಿಕೊಂಡರು. ಮಕ್ಕಳು 'ಒಂಬತ್ತರ ಟೀಚರ್' ಎಂದು ಅಡ್ಡಹೆಸರಿಟ್ಟರು. ನನ್ನ ವಾದ ಇಷ್ಟೇ: ಇವತ್ತೇ ಹತ್ತು ಕೊಟ್ಟುಬಿಟ್ಟರೆ ಆ ಮಗು ನಾಳೆ ಯಾಕೆ ಇನ್ನೂ ಚೆನ್ನಾಗಿ ಬರೆಯಬೇಕು? ಹಾಗೆಂದು ಒಂಬತ್ತನ್ನು ಬೀದಿಯಲ್ಲಿ ಹಂಚಿದವಳೂ ಅಲ್ಲ. ಅಷ್ಟು ವರ್ಷಗಳಲ್ಲಿ ಹನ್ನೊಂದು ಮಕ್ಕಳಿಗೆ ಕೊಟ್ಟಿದ್ದೇನೆ. ಆ ಹನ್ನೊಂದು ಪ್ರಬಂಧಗಳೂ ನನಗೆ ಇವತ್ತಿಗೂ ನೆನಪಿವೆ. ನನ್ನ ಸ್ವಂತ ಮಗಳು ನನ್ನದೇ ತರಗತಿಯಲ್ಲಿ ಎರಡು ವರ್ಷ ಕೂತು ಎಂಟೂವರೆಯಿಂದ ಮೇಲೇರಲಿಲ್ಲ. ಹನ್ನೆರಡನೆಯ ಒಂಬತ್ತು ನಿಮ್ಮ ಮೆಕ್ಯಾನಿಕ್‌ಗೆ ಹೋಯಿತು.

ಅವರಿಗೆ ಅದು ಯಾಕೆ ಸಿಕ್ಕಿತು ಎಂಬುದು ನಿಮ್ಮ ಯಾವ ಕಾಲಂನಲ್ಲೂ ಇಲ್ಲ. ಆದ್ದರಿಂದ ಹೇಳುತ್ತೇನೆ.

ನನ್ನ ಎಂಟೂವರೆ ಅಂಕದ ಮಗಳು ಈಗ ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ನಮ್ಮ ಮನೆ ಗುಡ್ಡದ ಮೇಲೆ, ಆಸ್ಪತ್ರೆ ಗುಡ್ಡದ ಕೆಳಗೆ, ನಡುವೆ ಹದಿನಾಲ್ಕು ತಿರುವು. ಮೂರು ವರ್ಷದ ಹಿಂದೆ ಅವಳು ನಿಮ್ಮ ಪ್ರತಿಸ್ಪರ್ಧಿ ಕಂಪನಿಯ ದೊಡ್ಡ ಎಸ್‌ಯುವಿ ಕೊಂಡಳು. ಆ ಶೋರೂಂಗೆ ಕಾಲಿಟ್ಟರೆ ಮದುವೆ ಮನೆಗೆ ಹೋದಷ್ಟು ಉಪಚಾರ. ಚರ್ಮದ ಸೋಫಾ, ಕಾಫಿಯ ಜೊತೆ ಮೂರು ಬಗೆಯ ಬಿಸ್ಕತ್ತು, ಕೀಲಿ ಕೊಡುವ ದಿನ ಗಾಡಿಗೆ ರೇಷ್ಮೆ ಮುಸುಕು, ಅದನ್ನು ಎಳೆಯುವಾಗ ಸಂಗೀತ. ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಎರಡನೆಯ ವರ್ಷದ ಸರ್ವೀಸ್ ಮುಗಿಸಿ ಬಂದ ಮೇಲೆ ಇಳಿಜಾರಿನಲ್ಲಿ ಎಡಕ್ಕೆ ತಿರುಗಿಸಿದಾಗಲೆಲ್ಲ ಮುಂದಿನ ಚಕ್ರದ ಹತ್ತಿರ ಸರ್ ಸರ್ ಎಂದು ಏನೋ ಸವೆಯುವ ಸದ್ದು.

ಮೂರು ಸಲ ತೋರಿಸಿದೆವು. ಮೊದಲ ಸಲ 'ಟೈರಿನದು' ಎಂದರು. ಎರಡನೆಯ ಸಲ 'ರಸ್ತೆಯದು' ಎಂದರು. ಮೂರನೆಯ ಸಲ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಮಾತಾಡುವ ಅಲ್ಲಿನ ಸರ್ವೀಸ್ ಅಡ್ವೈಸರ್ ನಕ್ಕುಬಿಟ್ಟರು. "ಇಷ್ಟು ದೊಡ್ಡ ಗಾಡಿ ಅಂದ್ಮೇಲೆ ಸ್ವಲ್ಪ ಮಾತಾಡತ್ತೆ ಮೇಡಂ. ಅದರ ಸ್ವಭಾವ ಅದು. ಹಾಡು ಹಾಕ್ಕೊಳಿ, ಕೇಳ್ಸಲ್ಲ." ಅಷ್ಟು ಹೇಳಿ, ಮಗಳ ಫೋನಿಗೆ ಬಂದ ಅಭಿಪ್ರಾಯದ ಪುಟವನ್ನು ತಾವೇ ತೆರೆದು, ಹತ್ತರ ಮೇಲೆ ತಮ್ಮದೇ ಬೆರಳೊತ್ತಿ, ಒಂದು ಚಾಕೊಲೇಟ್ ಡಬ್ಬಿಯೊಂದಿಗೆ ಫೋನು ವಾಪಸ್ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಉತ್ತರಪತ್ರಿಕೆ ಬರೆದವನೇ ಅಂಕವನ್ನೂ ಹಾಕಿಕೊಂಡದ್ದನ್ನು ಜೀವನದಲ್ಲಿ ಮೊದಲ ಸಲ ನೋಡಿದೆ.

ಮಗಳಿಗೆ ಸಾಕಾಯಿತು, ಗಾಡಿ ಬದಲಿಸುತ್ತೇನೆ ಎಂದಳು. ಅದೇ ಕಂಪನಿಯ ಹೊಸ ಮಾದರಿಯೋ, ನಿಮ್ಮದೋ ಎಂಬ ಪ್ರಶ್ನೆ ಬಂತು. ನಾನು ಹಳೆಯ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ನನ್ನ ಮಂಡಿಗೆ ಹತ್ತಲು ಮೆಟ್ಟಿಲಿನ ಎತ್ತರ, ಹಿಂದಿನ ಸೀಟಿನಲ್ಲಿ ಬೆನ್ನಿಗೆ ಆಸರೆ, ಬಾಗಿಲು ಮುಚ್ಚುವ ಸದ್ದು, ತಿರುವಿನಲ್ಲಿ ಎದುರಿನ ರಸ್ತೆ ಎಷ್ಟು ಕಾಣುತ್ತದೆ ಎಂಬುದು. ಸತ್ಯ ಹೇಳಬೇಕೆಂದರೆ ಒಟ್ಟು ಅಂಕದಲ್ಲಿ ನೀವು ಸೋತಿರಿ. ಅವರ ಗಾಡಿಯ ಸೀಟು ನಿಮ್ಮದಕ್ಕಿಂತ ಮೆತ್ತಗೆ. ನಿಮ್ಮ ಶೋರೂಂನಲ್ಲಿ ಕಾಫಿ ಯಂತ್ರ ಕೆಟ್ಟಿತ್ತು, ಕೂರಲು ಕೊಟ್ಟ ಕುರ್ಚಿ ನನ್ನ ಸ್ಟಾಫ್ ರೂಮಿನ ಕುರ್ಚಿಯ ತಮ್ಮನ ಹಾಗಿತ್ತು. ಮಗಳು ಹಳೆಯ ಕಂಪನಿಗೇ ಮರಳುವುದೆಂದು ಒಳಗೊಳಗೇ ತೀರ್ಮಾನಿಸಿದ್ದಳು. ಬಂದದ್ದಾಯಿತು, ಹಳೆಯ ಗಾಡಿಗೆ ಇವರೆಷ್ಟು ಬೆಲೆ ಹೇಳುತ್ತಾರೋ ಕೇಳಿಕೊಂಡು ಹೋಗೋಣ ಎಂದು ಕೀಲಿ ಕೊಟ್ಟಳು.

ಹಳೆಯ ಗಾಡಿ ನೋಡುವವರು ಅವತ್ತು ರಜೆ. ಅವರ ಬದಲಿಗೆ ಸರ್ವೀಸ್ ವಿಭಾಗದಿಂದ ಒಬ್ಬ ಹಿರಿಯ ಮೆಕ್ಯಾನಿಕ್‌ನನ್ನು ಕರೆಸಿದರು. ಐವತ್ತರ ಆಸುಪಾಸು, ನರೆತ ಮೀಸೆ, ಎಡಗಿವಿಯ ಹಿಂದೆ ಪೆನ್ಸಿಲ್. ಎಂಜಿನ್ನಿನ ರೋಗವನ್ನು ಕೇಳಿಯೇ ಹೇಳುತ್ತಾರೆಂದು ಅವರನ್ನು ಅಲ್ಲಿ ಎಲ್ಲರೂ ಕಿವಿಯಣ್ಣ ಎನ್ನುತ್ತಾರೆ. ಮಗಳು ನನ್ನನ್ನು ಟೀಚರ್ ಎಂದು ಪರಿಚಯಿಸಿದಳು. ಅವರು ನಮ್ಮನ್ನು ಕೂರಿಸಿಕೊಂಡು ಒಂದು ಸುತ್ತು ಹೋದರು. ಮೊದಲ ಎಡ ತಿರುವಿಗೇ ಗಾಡಿ ನಿಧಾನ ಮಾಡಿ, ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿದರು. ಆಮೇಲೆ ಕಾಲ್ನಡಿಗೆಯ ವೇಗದಲ್ಲಿ ವಾಪಸ್ ತಂದು ಲಿಫ್ಟಿಗೆ ಏರಿಸಿದರು.

"ಮೇಡಂ, ಇಲ್ಲಿ ಬನ್ನಿ. ಟೀಚರ್, ನೀವೂ ನೋಡಿ," ಎಂದು ಟಾರ್ಚು ಹಿಡಿದರು. ಬ್ರೇಕಿಗೆ ಎಣ್ಣೆ ಹೋಗುವ ರಬ್ಬರ್ ಪೈಪು. ಕಳೆದ ಸರ್ವೀಸಿನಲ್ಲಿ ಬಿಚ್ಚಿದವರು ಅದನ್ನು ಅದರ ಕೊಂಡಿಗೆ ಸಿಕ್ಕಿಸುವುದನ್ನೇ ಮರೆತಿದ್ದರು. ಅದು ನೇತಾಡಿಕೊಂಡು, ಪ್ರತಿ ಎಡ ತಿರುವಿಗೂ ಚಕ್ರಕ್ಕೆ ಉಜ್ಜಿ ಉಜ್ಜಿ, ಒಳಗಿನ ನೂಲು ಕಾಣುವಷ್ಟು ಸವೆದಿತ್ತು. "ಇದನ್ನ ಇವತ್ತು ಮನೆಗೆ ಒಯ್ಯಬೇಡಿ. ನಮ್ಮ ಗಾಡಿ ತಗೊಳ್ಳಿ, ಬಿಡಿ, ಅದು ನಿಮ್ಮಿಷ್ಟ. ಆದ್ರೆ ಇದನ್ನ ಹತ್ಕೊಂಡು ಇಳಿಜಾರು ಇಳೀಬೇಡಿ."

ನನ್ನ ಮಗಳು ಅವತ್ತು ಬೆಳಿಗ್ಗೆ ಹದಿನಾಲ್ಕು ತಿರುವು ಅದೇ ಗಾಡಿಯಲ್ಲಿ ಇಳಿದಿದ್ದಳು. ಹಾಡು ಹಾಕಿಕೊಂಡು. ನಾನು ಕೂರಲು ಜಾಗ ಹುಡುಕಿದೆ. ಕಿವಿಯಣ್ಣ ಒಂದು ಟೈರು ಉರುಳಿಸಿಕೊಂಡು ಬಂದು, ಅದರ ಮೇಲೆ ಬಟ್ಟೆ ಹಾಸಿ, ನೀರು ಕೊಟ್ಟರು. ನಿಮ್ಮ ಪ್ರತಿಸ್ಪರ್ಧಿಯ ಚರ್ಮದ ಸೋಫಾಕ್ಕಿಂತ ಆ ಟೈರಿನ ಮೇಲೆ ನಾನು ನೆಮ್ಮದಿಯಾಗಿ ಕೂತೆ. ನನ್ನ ನೋಟ್‌ಬುಕ್ಕಿನ ಒಟ್ಟು ಅಂಕ ಏನೇ ಇರಲಿ, ನಾವು ಕೊಂಡದ್ದು ನಿಮ್ಮ ಗಾಡಿಯನ್ನು. ಮಾರಿದವರು ಕೋಟು ಹಾಕಿದ ನಿಮ್ಮ ಯಾವ ಅಧಿಕಾರಿಯೂ ಅಲ್ಲ.

ಹೊಸ ಗಾಡಿಯ ಮೊದಲ ಸರ್ವೀಸನ್ನೂ ಕಿವಿಯಣ್ಣನೇ ಮಾಡಿದರು. ಮರುದಿನ ನಿಮ್ಮ ವಿಭಾಗದಿಂದ ಕರೆ ಬಂತು. ಮಗಳು ಆಪರೇಷನ್ ಥಿಯೇಟರಿನಲ್ಲಿ ಫೋನು ತೆಗೆಯುವುದಿಲ್ಲವೆಂದು ನನ್ನ ನಂಬರು ಕೊಟ್ಟಿದ್ದಳು. 'ನಿಮ್ಮ ಗಾಡಿ ನೋಡಿದವರಿಗೆ ಹತ್ತಕ್ಕೆ ಎಷ್ಟು ಅಂಕ?' ಎಂದರು. ನಾನು ಬೆನ್ನು ನೆಟ್ಟಗೆ ಮಾಡಿ ಕೂತು, ಎದೆ ತುಂಬಿ, 'ಒಂಬತ್ತು' ಎಂದೆ. ನನ್ನ ಕೈಯಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಇರಲಿಲ್ಲ.

ಕಳೆದ ವಾರ ಎರಡನೆಯ ಸರ್ವೀಸಿಗೆ ಹೋದೆ. ಲಿಫ್ಟಿನ ಕೆಳಗೆ ಬೇರೆ ಯಾರೋ ಇದ್ದರು. ಕಿವಿಯಣ್ಣ ಹಿತ್ತಲಿನ ಗಾಡಿ ತೊಳೆಯುವ ಜಾಗದಲ್ಲಿ, ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು, ಯಾರದೋ ಚಕ್ರದ ಕೆಸರಿಗೆ ನೀರು ಬಿಡುತ್ತಿದ್ದರು. ಕಿವಿಯ ಹಿಂದೆ ಪೆನ್ಸಿಲ್ ಇರಲಿಲ್ಲ.

"ಇದೇನು, ಇಲ್ಲಿ?" ಎಂದೆ.

"ಏನಿಲ್ಲ ಬಿಡಿ ಟೀಚರ್. ಬಿಸಿಲಿಗೆ ತಣ್ಣಗಿದೆ," ಎಂದು ನಕ್ಕರು.

ವಿಷಯ ತಿಳಿದದ್ದು ಮುಂದಿನ ಕೌಂಟರಿನ ಹೆಣ್ಣುಮಗಳಿಂದ. ಅವಳು ಸುತ್ತ ನೋಡಿ, ದನಿ ತಗ್ಗಿಸಿದಳು. "ಮೇಡಂ, ನಮ್ಮಲ್ಲಿ ಹತ್ತು ಬಂದ್ರೆ ಮಾತ್ರ ಪಾಸು. ಒಂಬತ್ತೂ ಒಂದೇ, ಸೊನ್ನೆನೂ ಒಂದೇ. ಮೂರು ತಿಂಗಳಲ್ಲಿ ಮೂರು ಸಲ ಹತ್ತು ತಪ್ಪಿದ್ರೆ ಮನೆಗೆ. ಅವರದ್ದು ಮೂರನೇದು ನಿಮ್ದು. ಮುಂದಿನ ವಾರ ಶುಕ್ರವಾರದವರೆಗೆ ಗಾಡಿ ತೊಳೆಯೋ ಕೆಲ್ಸ, ಆಮೇಲೆ ಅದೂ ಇಲ್ಲ." ಮೊದಲಿನ ಎರಡು ಹೇಗೆ ತಪ್ಪಿದವು ಎಂದು ಕೇಳಿದೆ. ಒಬ್ಬರಿಗೆ 'ಎಂಜಿನ್ ಸರಿಯಾಗೇ ಇದೆ, ಬ್ರೇಕ್ ಮೇಲೆ ಕಾಲಿಟ್ಟೇ ಓಡಿಸೋ ಅಭ್ಯಾಸ ಬಿಡಿ' ಎಂದಿದ್ದರಂತೆ. ಇನ್ನೊಬ್ಬರಿಗೆ ನೀವು ಮಾರಬೇಕೆಂದಿದ್ದ ಪಾಲಿಶ್ ಅನಗತ್ಯ ಎಂದಿದ್ದರಂತೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುವುದು ಇದಕ್ಕೇ. ಗಾಡಿ ಕೊಡುವಾಗ 'ದಯವಿಟ್ಟು ಹತ್ತು ಕೊಡಿ' ಎಂದು ಗ್ರಾಹಕರಿಗೆ ಹೇಳಬೇಕೆಂದು ನೀವು ಎಲ್ಲರಿಗೂ ತರಬೇತಿ ಕೊಟ್ಟಿದ್ದೀರಂತೆ. ನನಗೆ ಯಾಕೆ ಹೇಳಲಿಲ್ಲ ಎಂದು ಹಿತ್ತಲಿಗೆ ಮರಳಿ ಹೋಗಿ ಅವರನ್ನೇ ಕೇಳಿದೆ. ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟೂ ಬಂದಿತ್ತು.

"ಕೇಳಿ ತಗೊಂಡ್ರೆ ಅದು ಮಾರ್ಕಾ ಟೀಚರ್? ನೀವೇ ಹೇಳಿ."

ನಾನೇನು ಹೇಳಲಿ ಮಾನ್ಯರೇ? ನೀವಾದರೂ ಹೇಳಿ. ಹತ್ತು ಮೆಟ್ಟಿಲಿನ ಏಣಿ ಮಾಡಿ, ಒಂಬತ್ತು ಮೆಟ್ಟಿಲನ್ನೂ ಕೊಳೆತ ಮರದಿಂದ ಮಾಡಿಟ್ಟರೆ ಅದನ್ನು ಏಣಿ ಎನ್ನುತ್ತಾರೆಯೇ? ಹತ್ತು ಮಾತ್ರ ಬೇಕಿದ್ದರೆ 'ಹೌದೋ ಅಲ್ಲವೋ' ಎಂದು ಕೇಳಬಹುದಿತ್ತಲ್ಲ? ಅರ್ಹತೆಗೆ ಅಂಕವೋ, ಅಂಗಲಾಚಿದ್ದಕ್ಕೆ ಅಂಕವೋ? ಸವೆದ ಬ್ರೇಕಿನ ಗಾಡಿಯಲ್ಲಿ ನನ್ನ ಮಗಳನ್ನು ಮನೆಗೆ ಕಳಿಸಿದವರು ಇವತ್ತಿಗೂ ಹತ್ತಕ್ಕೆ ಹತ್ತು ಪಡೆದು ಚಾಕೊಲೇಟ್ ಹಂಚುತ್ತಿದ್ದಾರೆ. ನಿಮ್ಮ ಅಳತೆಗೋಲು ಅವರದಕ್ಕಿಂತ ಯಾವ ರೀತಿಯಲ್ಲಿ ಬೇರೆ? ಎರಡು ಕಂಪನಿಯ ಗಾಡಿಗಳನ್ನು ಹೋಲಿಸಲು ನಾನು ಇಪ್ಪತ್ತು ಕಾಲಂ ಹಾಕಿದ್ದೆ. ಆ ವಿಷಯದಲ್ಲಿ ಮಾತ್ರ ನೀವಿಬ್ಬರೂ ಅಣ್ಣತಮ್ಮಂದಿರು.

ನಿಮ್ಮ ಸಹಾಯವಾಣಿಗೆ ಕರೆ ಮಾಡಿ, ಅಂಕ ತಿದ್ದಬೇಕು ಎಂದೆ. ಒಬ್ಬ ಹುಡುಗಿ ಬಹಳ ವಿನಯದಿಂದ ಆಗುವುದಿಲ್ಲ ಎಂದಳು. ಪರೀಕ್ಷೆ ಬರೆದ ಮಗುವಿಗೂ ಮರುಮೌಲ್ಯಮಾಪನದ ಅವಕಾಶ ಇರುತ್ತದಲ್ಲವೇ ಎಂದೆ. "ಕ್ಷಮಿಸಿ ಅಮ್ಮ, ಅಂಕ ಒಮ್ಮೆ ದಾಖಲಾದ್ಮೇಲೆ ಬದಲಾಗಲ್ಲ" ಎಂದಳು. ಕರೆ ಮುಗಿಯುತ್ತಿದ್ದಂತೆ ಫೋನಿಗೆ ಸಂದೇಶ ಬಂತು: ಈ ಕರೆಯಲ್ಲಿ ಸಿಕ್ಕ ಸೇವೆಗೆ ಹತ್ತಕ್ಕೆ ಎಷ್ಟು ಅಂಕ?

ಸಿಟ್ಟಿನಲ್ಲಿ ಸೊನ್ನೆ ಒತ್ತಲು ಹೋದೆ. ಬೆರಳು ನಿಂತಿತು. ಆ ಹುಡುಗಿಗೂ ಒಂದು ಶುಕ್ರವಾರ ಇರಬಹುದು, ಅವಳದೂ ಮೂರನೆಯದಾಗಿರಬಹುದು. ಹತ್ತು ಒತ್ತಿದೆ. ಮೂವತ್ತನಾಲ್ಕು ವರ್ಷ ಯಾವ ಮಗುವಿಗೂ ಕೊಡದ ಹತ್ತನ್ನು ಮೊದಲ ಬಾರಿಗೆ ಕೊಟ್ಟೆ, ನನಗೆ ಯಾವ ಸಹಾಯವನ್ನೂ ಮಾಡಲಾಗದ ಒಂದು ಕರೆಗೆ, ಹೆದರಿ. ಕೂತು ಅತ್ತುಬಿಟ್ಟೆ. ನಿಮ್ಮ ದಾಖಲೆಯಲ್ಲಿ ನಾನೀಗ ಪೂರ್ಣ ತೃಪ್ತ ಗ್ರಾಹಕಿ.

ಮಗಳು ಸಂಜೆ ಬಂದು ಎಲ್ಲ ಕೇಳಿದಳು. "ಅಮ್ಮಾ, ನನಗೂ ನೀನು ಹತ್ತು ಕೊಡ್ಲಿಲ್ಲ. ನಾನು ಎರಡು ದಿನ ಊಟ ಬಿಟ್ಟೆ, ಅಷ್ಟೇ. ಅವ್ರ ಕೆಲ್ಸಾನೇ ಹೋಗತ್ತಲ್ಲೇ," ಎಂದಳು. ನನ್ನನ್ನು ಅವಳು ಬೈದಿದ್ದರೆ ಚೆನ್ನಾಗಿತ್ತು.

ಈಗ ನನ್ನ ಬೇಡಿಕೆ. ಶುಕ್ರವಾರಕ್ಕೆ ಮೊದಲು ಕಿವಿಯಣ್ಣನ ಕಾಲಿನಿಂದ ಆ ರಬ್ಬರ್ ಬೂಟು ಕಳಚಿಸಿ, ಅವರನ್ನು ಲಿಫ್ಟಿನ ಕೆಳಗೆ ನಿಲ್ಲಿಸಿ. ಒಂಬತ್ತನ್ನು ಒಂಬತ್ತು ಎಂದೇ ಓದಲು ನಿಮ್ಮ ಕಂಪ್ಯೂಟರಿಗೆ ಕಲಿಸಿ. ಅದಕ್ಕೆ ಕಾಲಾವಕಾಶ ಬೇಕೆಂದರೆ ಸದ್ಯಕ್ಕೆ ನನ್ನ ಅಂಕವನ್ನೇ ತಿದ್ದಿಕೊಳ್ಳಿ. ತಿದ್ದಿದ ಅಂಕದ ಪಕ್ಕದಲ್ಲಿ ಮೌಲ್ಯಮಾಪಕರು ಸಹಿ ಹಾಕಬೇಕು ಎಂಬುದು ನಮ್ಮ ವೃತ್ತಿಯ ನಿಯಮ. ಒಂದು ಹಾಳೆಯಲ್ಲಿ ಒಂಬತ್ತು ಬರೆದು, ಹೊಡೆದು, ಹತ್ತು ಬರೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸಹಿ ಹಾಕಿ ಇದರೊಂದಿಗೆ ಕಳಿಸಿದ್ದೇನೆ. ಅಂಥ ಹಾಳೆ ನನ್ನ ಕೈಯಿಂದ ಹೊರಟದ್ದು ಇದೇ ಮೊದಲು.

ಆ ಹಾಳೆಯನ್ನು ನಿನ್ನೆ ಕಿವಿಯಣ್ಣನಿಗೂ ತೋರಿಸಿದೆ. ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ಬೇಡ ಟೀಚರ್, ಒಂಬತ್ತೇ ಇರ್ಲಿ. ಅದು ಎಂಥಾ ಒಂಬತ್ತು ಅಂತ ನಿಮ್ಮ ಮಗಳು ಹೇಳಿದ್ರು," ಎಂದು ಹಾಳೆಯನ್ನು ನನ್ನ ಕೈಗೇ ಕೊಟ್ಟರು.

ಹತ್ತು ಅವರಿಗೆ ಬೇಡವಂತೆ ಮಾನ್ಯರೇ. ನನಗೆ ಬೇಕು. ಶನಿವಾರ ಬೆಳಿಗ್ಗೆಯೂ ನನ್ನ ಮಗಳು ಆ ಹದಿನಾಲ್ಕು ತಿರುವು ಇಳಿಯಬೇಕು.

ಇಂತಿ,
ನಿಮ್ಮ ದಾಖಲೆಯಲ್ಲಿ ಒಮ್ಮೆ ಅತೃಪ್ತಳು, ಒಮ್ಮೆ ಪೂರ್ಣ ತೃಪ್ತಳು, ಎರಡು ಸಲವೂ ತಪ್ಪಾಗಿ ಓದಲ್ಪಟ್ಟವಳು,
ಒಂಬತ್ತರ ಟೀಚರ್