ಅರವತ್ತೊಂದಕ್ಕೆ ಅರವತ್ತೊಂದು

ಹಾರ್ಟ್‌ಬೆಕ್, ಕಂಬ್ರಿಯ
ಮಂಗಳವಾರ, ೨೮ ಆಗಸ್ಟ್ ೨೦೧೮

ಪ್ರೀತಿಯ ಲ್ಯಾಂಟಿ,

ಹೇಗಿದ್ದೀಯಪ್ಪ? ಮೊಣಕಾಲು ಹೇಗಿದೆ? ಅಲ್ಲಿ ನ್ಯೂಜಿಲೆಂಡಿನಲ್ಲಿ ಈಗ ಕುರಿಗಳು ಮರಿ ಹಾಕುವ ಕಾಲ, ನಿನಗೆ ಕೂರಲು ಪುರುಸೊತ್ತಿಲ್ಲ ಎಂದು ಗೊತ್ತು. ಆದರೂ ಮಂಡಿಯ ಪಟ್ಟಿ ಕಟ್ಟಿಕೊಳ್ಳದೆ ಇಬ್ಬನಿಯಲ್ಲಿ ಓಡಾಡಬೇಡ. ಈ ಅಕ್ಕನ ಮಾತು ಕೇಳದಿದ್ದರೆ ಹೋಗಲಿ, ಹೆಂಡತಿ ಶೋನಾಳ ಮಾತನ್ನಾದರೂ ಕೇಳು. ಕ್ರಿಸ್‌ಮಸ್ ಕಾರ್ಡಿನ ಫೋಟೋದಲ್ಲಿ ನಿನ್ನ ದೊಡ್ಡ ಮಗಳಿಗೆ ಥೇಟ್ ನಮ್ಮ ಅಮ್ಮನ ಗಲ್ಲ ಬಂದಿದೆ. ಆಗಸ್ಟ್ ಮುಗಿಯುತ್ತಾ ಬಂದರೂ ಆ ಕಾರ್ಡನ್ನು ಒಲೆಯ ಮೇಲಿನ ಹಲಗೆಯಿಂದ ನಾನು ತೆಗೆದಿಲ್ಲ. ಧೂಳು ಒರೆಸುವಾಗ ಎತ್ತುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ. ವರ್ಷಕ್ಕೆ ಒಂದೇ ಕಾರ್ಡು, ಅದರ ಮೇಲೆ ನನ್ನ ಹೆಸರು ಮಾತ್ರ. ಅಪ್ಪ ಅದನ್ನು ಕೈಯಲ್ಲೂ ಮುಟ್ಟುವುದಿಲ್ಲ ಎಂದು ತೋರಿಸಿಕೊಳ್ಳುತ್ತಾನೆ. ನಾನು ಕೊಟ್ಟಿಗೆಗೆ ಹೋಗಿ ಬರುವಷ್ಟರಲ್ಲಿ ಅದು ಬೆರಳಷ್ಟು ಜರುಗಿರುತ್ತದೆ.

ಅಪ್ಪನ ಆರೋಗ್ಯ ಪರವಾಗಿಲ್ಲ. ಎಂಬತ್ತನಾಲ್ಕು ತುಂಬಿತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ತನಗೆ ಬೇಕಾದದ್ದನ್ನು ಕೇಳಿಸಿಕೊಳ್ಳುತ್ತದೆ. ನೀನು ಕೇಳಿಲ್ಲ, ಯಾವ ಕಾರ್ಡಿನಲ್ಲೂ ಕೇಳುವುದಿಲ್ಲ, ಆದರೂ ನಾನು ಬರೆಯುತ್ತೇನೆ. ಈ ಸಲದ ಕಾಗದಕ್ಕೆ ಕೂತಿರುವುದೇ ಅಪ್ಪನ ಬಗ್ಗೆ ಒಂದು ಮಾತು ಹೇಳಲಿಕ್ಕೆ. ಅದು ನನಗೆ ಸುಲಭದ ಮಾತಲ್ಲ. ಅದಕ್ಕೆ ಮೊದಲು ಬೇರೆ ಸುದ್ದಿ ಹೇಳಿ ಕೈ ಸ್ವಲ್ಪ ಬಿಸಿ ಮಾಡಿಕೊಳ್ಳುತ್ತೇನೆ.

ಸುದ್ದಿ ಏನೆಂದರೆ, ಶನಿವಾರ ನಮ್ಮ ಊರಿನ ಬೆಟ್ಟದ ಓಟದಲ್ಲಿ ನಾನು ಓಡಿದೆ. ನಗಬೇಡ. ಹದಿನಾರು ವರ್ಷದ ಮೇಲೆ, ಐವತ್ತೊಂದನೇ ವಯಸ್ಸಿನಲ್ಲಿ, ಕೆಲ್ಡ್‌ರಿಗ್ ಬೆಟ್ಟ ಹತ್ತಿ ಇಳಿದು ಬಂದೆ. ನನಗೆ ಈ ಹುಚ್ಚು ಹತ್ತಿಸಿದ್ದು ಅಪ್ಪ. ವಸಂತದಲ್ಲಿ ಒಂದು ದಿನ ಅಟ್ಟದಿಂದ ನನ್ನ ಹಳೆಯ ಓಟದ ಬೂಟು ಇಳಿಸಿ ತಂದು, ಅದು ಚರ್ಮವೇ ಅಲ್ಲ ಎಂದು ನಾನು ಬಾಯಿ ಬಡಿದುಕೊಂಡರೂ ಕೇಳದೆ, ಕುರಿಯ ಕೊಬ್ಬು ಹಚ್ಚಿ ಒಲೆಯ ಪಕ್ಕ ಇಟ್ಟ. ಅಡುಗೆಮನೆ ವಾರವಿಡೀ ನಾತ ಹೊಡೆಯಿತು. ಏನಿದೆಲ್ಲ ಎಂದರೆ, "ಅರ್ಧ ಕಟ್ಟಿ ಬಿಟ್ಟ ಗೋಡೆ ಕುರಿಗೆ ದಾರಿ ಕಣೇ, ಕಟ್ಟಿ ಮುಗಿಸು" ಎಂದ. ಅಷ್ಟೇ ಮಾತು. ಆಮೇಲೆ ಪ್ರತಿ ಸಂಜೆ ಆ ಬೂಟನ್ನು ಕಾಲಿನಿಂದ ನನ್ನ ಕಡೆಗೆ ಒಂದಿಷ್ಟು ತಳ್ಳುತ್ತಿದ್ದ.

ಓಡತೊಡಗಿದ ಮೇಲೆ ಗೊತ್ತಾಯಿತು, ನಾನು ಮನೆಯಿಂದ ಹೊರಗೆ ಬಂದೇ ಎಷ್ಟು ಕಾಲವಾಗಿತ್ತು ಎಂದು. ಅಲನ್ ಮದುವೆ ಮುರಿದು ನನ್ನನ್ನು ಬಿಟ್ಟುಹೋಗಿ, ನಾನು ಪೇಟೆಯ ಮನೆ ಖಾಲಿ ಮಾಡಿ ಅಪ್ಪನ ಹತ್ತಿರ ಬಂದು ಹನ್ನೊಂದು ವರ್ಷವಾಯಿತು. ಈಗ ಈ ಕಣಿವೆಯಲ್ಲಿ ಹದಿನಾಲ್ಕು ಮನೆ, ದೀಪ ಹತ್ತುವುದು ಐದರಲ್ಲಿ. ಉಳಿದವು ರಜೆಗೆ ಬರುವವರ ಮನೆ, ಬಾಗಿಲ ಪಕ್ಕ ಬೀಗದ ಕೈ ಇಡುವ ಪೆಟ್ಟಿಗೆ ತೂಗುಹಾಕಿಕೊಂಡಿವೆ. ಸಂಜೆ ಓಡಿ ಬರುವಾಗ ಆ ಪೆಟ್ಟಿಗೆಗಳನ್ನೇ ಎಣಿಸುತ್ತಾ ಬರುತ್ತೇನೆ. ವಾರವಿಡೀ ನಾನು ಮಾತಾಡುವುದು ನಾಯಿಯ ಜೊತೆ, ಅಂಚೆಯವನ ಜೊತೆ, ಕೇಳಿಸದ ಅಪ್ಪನ ಜೊತೆ. ನನಗೆ ಬೇಜಾರಿದೆ ಲ್ಯಾಂಟಿ. ಸುಮ್ಮನೆ ಚೆನ್ನಾಗಿದ್ದೇನೆ ಎಂದು ಪ್ರತಿ ಸಲ ಬರೆದು ಸಾಕಾಗಿದೆ, ಅದಕ್ಕೇ ಹೇಳಿದೆ.

ಶನಿವಾರ ಜಾತ್ರೆಯಂತೆ ಜನ ಸೇರಿದ್ದರು. ಟಗರುಗಳ ಸ್ಪರ್ಧೆ, ಕೇಕಿನ ಸ್ಪರ್ಧೆ, ಸುಡುವ ಸಾಸೇಜಿನ ಹೊಗೆ, ಎಲ್ಲ ನೀನಿದ್ದಾಗ ಇದ್ದ ಹಾಗೆಯೇ. ಹೆಸರು ಬರೆದುಕೊಳ್ಳುವುದು ಈಗಲೂ ವಿನ್ನಿ ರೆಲ್ಫ್, ತನ್ನ ಕಾರಿನ ಹಿಂಬಾಗಿಲು ಎತ್ತಿಕೊಂಡು. ನನ್ನನ್ನು ನೋಡಿ ಕನ್ನಡಕ ಮೇಲೆ ಸರಿಸಿ, "ಏನಮ್ಮಾ ಆಗ್ನಿಸ್, ದಾರಿ ನೆನಪಿದೆಯೋ ಇಲ್ಲ ನಿನ್ನ ಕೊರಳಿಗೂ ಒಂದು ಗಂಟೆ ಕಟ್ಟಿ ಬಿಡಲೋ?" ಎಂದಳು. ಅರವತ್ತೊಂದು ಜನ ಓಡುವವರು, ನನ್ನದೇ ಅರವತ್ತೊಂದನೇ ನಂಬರ್. ನಂಬರಿನ ಚೀಟಿಯನ್ನು ಎದೆಗೆ ಸಿಕ್ಕಿಸಲು ನಾಲ್ಕು ಪಿನ್ನು ಹಾಕುವಷ್ಟರಲ್ಲಿ ಬೆರಳಿಗೆ ಎರಡು ಸಲ ಚುಚ್ಚಿಕೊಂಡೆ.

ಓಟಕ್ಕೆ ಮುಂಚೆ ವಿನ್ನಿ ಧ್ವನಿವರ್ಧಕ ಹಿಡಿದು ನಿಯಮ ಓದಿದಳು. "ಮಧ್ಯದಲ್ಲಿ ಬಿಟ್ಟುಬಿಟ್ರೆ ಅವಮಾನ ಏನಿಲ್ಲ. ಆದ್ರೆ ನನ್ನ ಹತ್ರ ಬಂದು ನಂಬರ್ ಕೊಟ್ಟು ಹೋಗ್ಬೇಕು. ಹೇಳದೆ ಮನೆಗೆ ಹೋಗಿ ಬೆಚ್ಚಗೆ ಮಲಗಿದ್ರೋ, ನಾನೇ ಬಂದು ಕಿವಿ ಹಿಂಡ್ತೀನಿ." ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ನನ್ನ ನಂಬರನ್ನು ಮುಟ್ಟಿ ನೋಡಿಕೊಂಡೆ. ಆಮೇಲೆ ಅವಳು, ಬೆಟ್ಟದ ಮೇಲೆ ನಂಬರ್ ಬರೆದುಕೊಳ್ಳುವವರು ಇಬ್ಬರು ಇರುತ್ತಾರೆ, ಒಬ್ಬರ ನೆನಪನ್ನು ನೆಚ್ಚಿಕೊಳ್ಳುವುದಿಲ್ಲ ಎಂದಳು. ಅದಕ್ಕೆ ಇಲ್ಲಿ ಏನೆನ್ನುತ್ತಾರೆ ಗೊತ್ತೇ? ಜೊನ್ಟಿಯ ನಿಯಮ. ಅಪ್ಪನ ಹೆಸರು. ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ ಹಾಗೆನ್ನುತ್ತಾರೆ. ಓಟ ಮುಗಿಯುವ ಕಡೆ ಕಟ್ಟಿದ ಹಗ್ಗದ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಬೆನ್ನನ್ನು ಯಾರೋ ತಟ್ಟಿದರು. ಅಪ್ಪ ಟೋಪಿ ಒಂದಿಷ್ಟು ಎತ್ತಿ ನಕ್ಕ. ಹದಿನಾರು ವರ್ಷದಿಂದ ಪ್ರತಿ ಆಗಸ್ಟಿನಲ್ಲೂ ಹೀಗೆ ಟೋಪಿ ಎತ್ತಿ ನಗುತ್ತಿದ್ದಾನೆ.

ಈ ನಿಯಮಕ್ಕೆ ಕಾರಣವಾದ ಆ ದಿನ ಏನಾಯಿತು ಎಂದು ಇಲ್ಲಿ ಎಲ್ಲರೂ ಹೇಳುವುದು ಒಂದೇ ಕಥೆ. ಕುರಿಗಳಿಗೆ ರೋಗ ಬಂದು ಒಂದು ವರ್ಷ ಬೆಟ್ಟಗಳೆಲ್ಲ ಮುಚ್ಚಿದ್ದವು, ಅದರ ಮರುವರ್ಷದ ಓಟ. ತುದಿಯಲ್ಲಿ ಕಲ್ಲುಗುಪ್ಪೆಯ ಹತ್ತಿರ ನಂಬರ್ ಬರೆದುಕೊಳ್ಳಲು ನಿಂತಿದ್ದವನು ಅಪ್ಪ. ನೀನು ಎಂದಿನಂತೆ ಗೆದ್ದೆ. ನಾನು ಸುಸ್ತಾಗಿ ಅಪ್ಪನ ಕೈಗೆ ನಂಬರ್ ಕೊಟ್ಟು ಆಚೆ ಕಣಿವೆಗೆ ಇಳಿದು ಮನೆಗೆ ಹೋದೆ. ಅಪ್ಪ ಅದನ್ನು ಕೆಳಗೆ ಹೇಳಲು ಮರೆತ. ಒಬ್ಬಳು ಕಡಿಮೆ ಎಂದು ಮೂವತ್ತು ಜನ ಮಳೆಯಲ್ಲಿ ಹುಡುಕಿದರು, ಎಲ್ಲರಿಗಿಂತ ಮುಂದೆ ನೀನು. ಕತ್ತಲಾಗುವಾಗ ನೀನು ಜಾರುಗಲ್ಲಿನಲ್ಲಿ ಬಿದ್ದು ಮಂಡಿ ಒಡೆದುಕೊಂಡೆ. ಮತ್ತೆ ಯಾವ ಓಟವೂ ನಿನಗಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲಿಂದ ಅಪ್ಪನಿಗೆ ನೀನು ಅಂದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ನಾಯಿಗಿರೋ ನೆನಪೂ ನಿಂಗಿಲ್ಲ. ಹೆತ್ತ ಮಗಳು ಬದುಕಿದ್ದಾಳೋ ಸತ್ತಳೋ ಅನ್ನೋದನ್ನೇ ಮರೆಯೋನು ನಂಗೆ ಅಪ್ಪ ಅಲ್ಲ." ವಸಂತಕ್ಕೆ ನೀನು ಹಡಗಿನಷ್ಟು ದೊಡ್ಡ ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದೆ. ಆವತ್ತು ಬೀಳ್ಕೊಡಲು ಸ್ಟೇಷನ್ನಿಗೆ ಬಂದವಳು ನಾನೊಬ್ಬಳೇ.

ಇರಲಿ, ಓಟಕ್ಕೆ ಬರುತ್ತೇನೆ. ಮೊದಲ ಗೇಟು ದಾಟುವುದರೊಳಗೇ ಎಲ್ಲರೂ ನನ್ನನ್ನು ಬಿಟ್ಟು ಮುಂದೆ ಹೋದರು. ಜರಿಗಿಡದ ಏರಿನಲ್ಲಿ ಓಡುವುದು ಬಿಟ್ಟು ತೊಡೆಯ ಮೇಲೆ ಕೈ ಊರಿ ನಡೆದೆ. ತುದಿಯಲ್ಲಿ ಇಬ್ಬರು ಹುಡುಗಿಯರು ಕಂಬಳಿ ಹೊದ್ದು ನಂಬರ್ ಬರೆದುಕೊಳ್ಳುತ್ತಿದ್ದರು. "ನೀವೇ ಕೊನೆಯೋರು ಆಂಟಿ, ನೀವು ಬಂದ್ರೆ ನಾವೂ ಇಳೀತೀವಿ" ಎಂದಳು ಒಬ್ಬಳು, ಪಾಪ, ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಅಲ್ಲಿಂದ ಇನ್ನೂರು ಹೆಜ್ಜೆ ಇಳಿದರೆ ಗೋಡೆಯ ಒಡಕು. ಅಲ್ಲಿ ಬಲಕ್ಕೆ ತಿರುಗಿದರೆ ಆಚೆ ಕಣಿವೆಯ ರಸ್ತೆ, ಎಡಕ್ಕೆ ಹೋದರೆ ಕೆಳಗೆ ಮೈದಾನ, ಜನ, ಹಗ್ಗ, ಕುರ್ಚಿ. ಆ ಒಡಕಿನಲ್ಲಿ ನಾನು ನಿಂತುಬಿಟ್ಟೆ. ಮೈದಾನದಲ್ಲಿ ಬಹುಮಾನ ಕೊಡುತ್ತಿದ್ದ ಸದ್ದು ಕೇಳುತ್ತಿತ್ತು. ಕೊನೆಯವಳಾಗಿ ಅಷ್ಟು ಜನರ ಮುಂದೆ ಹೋಗುವುದಕ್ಕಿಂತ ಆಚೆ ರಸ್ತೆಯೇ ಮೇಲು ಎಂದು ಕಾಲು ಆಗಲೂ ಎಳೆಯಿತು, ಈ ವಯಸ್ಸಿನಲ್ಲೂ.

ಎಡಕ್ಕೆ ಇಳಿದೆ. ಎರಡು ಸಲ ಕುಂಡೆಯ ಮೇಲೆ ಜಾರಿದೆ. ಮೈದಾನ ಮುಟ್ಟಿದಾಗ ಗೆದ್ದವನು ಸ್ನಾನ ಮಾಡಿ ಬಟ್ಟೆ ಬದಲಿಸಿ ಐಸ್‌ಕ್ರೀಮ್ ತಿನ್ನುತ್ತಿದ್ದ. ಜನ ಚಪ್ಪಾಳೆ ತಟ್ಟಿದರು, ಗೆದ್ದವನಿಗೂ ಅಷ್ಟು ತಟ್ಟಿರಲಿಕ್ಕಿಲ್ಲ. ಕೊನೆಯವರಿಗೆ ಇಲ್ಲಿ ಯಾವಾಗಲೂ ಹೆಚ್ಚು ಎಂದು ನಾನು ಮರೆತೇಬಿಟ್ಟಿದ್ದೆ. ವಿನ್ನಿ ನನ್ನ ನಂಬರ್ ಬಿಚ್ಚಿಕೊಂಡು, ಪಟ್ಟಿಯ ಕೊನೆಗೆ ಗೀಟು ಹಾಕಿ, ಮೈದಾನಕ್ಕೆಲ್ಲ ಕೇಳುವಂತೆ "ಅರವತ್ತೊಂದಕ್ಕೆ ಅರವತ್ತೊಂದು" ಎಂದು ಕೂಗಿದಳು. ಎಲ್ಲರೂ ಬಂದರು ಎಂದು ಅರ್ಥ. ನಾನು ಅಪ್ಪನ ಕಡೆ ನೋಡಿದೆ. ಬಲಗಿವಿಗೆ ಕೈ ಅಡ್ಡ ಹಿಡಿದು ಕೇಳಿಸಿಕೊಂಡ. ಆಮೇಲೆ ಕೋಟಿನ ಬಲ ಜೇಬಿಗೆ ಕೈ ಹಾಕಿ, ಏನನ್ನೋ ತೆಗೆದು, ಎಡ ಜೇಬಿಗೆ ಹಾಕಿಕೊಂಡ. ಕುರಿ ಎಣಿಸುವಾಗ ಇಪ್ಪತ್ತಕ್ಕೊಂದು, ಕಟ್ಟಕಡೆಯ ಕುರಿಗೊಂದು ಬೆಣಚುಕಲ್ಲು ಜೇಬಿನಿಂದ ಜೇಬಿಗೆ ಹಾಕುತ್ತಿದ್ದನಲ್ಲ, ಹಾಗೆ. ಕುರ್ಚಿಯಲ್ಲಿ ಕೂತೇ ಇಡೀ ಓಟವನ್ನು ಎಣಿಸಿದ್ದ. ಅರವತ್ತು ವರ್ಷ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದು ಮರಿಯನ್ನೂ ತಪ್ಪದೆ ಎಣಿಸಿದ ಮನುಷ್ಯ ಅವನು, ಲ್ಯಾಂಟಿ. ಆವತ್ತು ನೀನಾಗಲಿ ಊರಾಗಲಿ ಅದನ್ನು ಯಾಕೆ ನೆನಪು ಮಾಡಿಕೊಳ್ಳಲಿಲ್ಲವೋ.

ಸಾಕು, ಬರೆದು ಕೈ ನೋಯುತ್ತಿದೆ. ಶೋನಾಳಿಗೆ ನನ್ನ ನೆನಪು ಹೇಳು. ಮಕ್ಕಳಿಬ್ಬರ ಹಣೆಗೂ ಈ ಅತ್ತೆಯ ಪರವಾಗಿ ಮುತ್ತಿಡು. ದೇವರು ನಿಮ್ಮೆಲ್ಲರನ್ನೂ, ನಿನ್ನ ಮರಿಗಳನ್ನೂ ಚಳಿಯಿಂದ ಕಾಯಲಿ.

ನಿನ್ನ ಅಕ್ಕ,
ಆಗ್ನಿಸ್

ಮರೆತಿದ್ದು: ಮರೆತದ್ದಲ್ಲ, ಧೈರ್ಯ ಬರಲಿಲ್ಲ. ಅಂಚೆಯ ವ್ಯಾನು ಸೇತುವೆ ದಾಟಿತು, ಬೇಗ ಬರೆದುಬಿಡುತ್ತೇನೆ. ಆವತ್ತು ನಾನು ಅಪ್ಪನ ಕೈಗೆ ನಂಬರ್ ಕೊಡಲೇ ಇಲ್ಲ. ಕೊನೆಯವಳಾಗುವ ನಾಚಿಕೆಗೆ ಯಾರಿಗೂ ಹೇಳದೆ ಒಡಕಿನಿಂದ ಆಚೆ ಇಳಿದು, ಯಾರದೋ ಕಾರು ಹತ್ತಿ ಪೇಟೆಯ ಮನೆಗೆ ಹೋಗಿ, ಯಾರೂ ಏನೂ ಕೇಳದಿರಲೆಂದು ಫೋನಿನ ತಂತಿ ಕಿತ್ತು ಮಲಗಿದೆ. ಬೆಳಿಗ್ಗೆ ನಿನ್ನ ಮಂಡಿಯ ಸುದ್ದಿಯೊಂದಿಗೆ ಹುಡುಕಿದವರೆಲ್ಲ ಬಾಗಿಲಿಗೆ ಬಂದಾಗ ಹೆದರಿ, "ಅಪ್ಪನಿಗೆ ಹೇಳಿದ್ದೆನಲ್ಲ" ಎಂದುಬಿಟ್ಟೆ. ಅಪ್ಪ ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿದ. "ಹೌದು, ಹೇಳಿದ್ಲು. ನಾನೇ ಮರೆತೆ" ಎಂದ. ಅಷ್ಟೇ, ಇಂದಿನವರೆಗೂ ಆ ಮಾತನ್ನು ಬದಲಿಸಿಲ್ಲ. ನನ್ನ ನಂಬರ್ ನಾನು ಒಲೆಗೆ ಹಾಕಿದೆ.

ಶನಿವಾರ ಸಂಜೆ ಅಪ್ಪನಿಗೆ ಹೇಳಿದೆ, ಲ್ಯಾಂಟಿಗೆ ಎಲ್ಲ ಬರೆಯುತ್ತೇನೆ ಎಂದು. ಬೇಡ ಎಂದ. "ಅವನ ಸಿಟ್ಟು ನಂಗೆ ರೂಢಿ ಆಗೋಗಿದೆ. ನಿನ್ನ ಮೇಲೂ ಸಿಟ್ಟಾದ್ರೆ ನಿಂಗ್ಯಾರಿದ್ದಾರೆ ಮಗಾ?" ಎಂದ. ಯಾರೂ ಇಲ್ಲ ಎಂದು ನನಗೂ ಗೊತ್ತು. ಆದರೂ ಬರೆದಿದ್ದೇನೆ. ನವೆಂಬರಿನಲ್ಲಿ ದಾರಿ ತಪ್ಪಿದ ಕುರಿಗಳನ್ನು ಒಡೆಯರಿಗೆ ಒಪ್ಪಿಸುವ ದಿನ ಊರಿಗೂ ಹೇಳುತ್ತೇನೆ. ಮೊದಲು ನಿನಗೆ. ಈ ಕ್ರಿಸ್‌ಮಸ್ಸಿಗೆ ನನಗೆ ಕಾರ್ಡು ಹಾಕದಿದ್ದರೆ ನಾನು ಏಕೆಂದು ಕೇಳುವುದಿಲ್ಲ.

ಆದರೆ ಅಪ್ಪನಿಗೆ ಫೋನ್ ಮಾಡು. ಭಾನುವಾರ ಸಂಜೆ ಆರಕ್ಕೆ, ನಿನಗದು ಸೋಮವಾರ ಬೆಳಗಿನ ಜಾವ, ಹೇಗೂ ಎದ್ದಿರುತ್ತೀಯ. ಆ ಹೊತ್ತಿಗೆ ನಾನು ಬೆಟ್ಟದ ಮೇಲಿರುತ್ತೇನೆ, ಮನೆಯಲ್ಲಿ ಅಪ್ಪ ಒಬ್ಬನೇ. ನಂಬರ್ ಹಳೆಯದೇ, ಫೋನ್ ಇರುವುದೂ ಮೆಟ್ಟಿಲ ಕೆಳಗೇ. ಕುರ್ಚಿಯಿಂದ ಎದ್ದು, ಕೋಲು ಹುಡುಕಿ, ನಾಯಿಯನ್ನು ದಾಟಿ ಅಲ್ಲಿಗೆ ಬರಲು ಅವನಿಗೆ ತುಂಬ ಹೊತ್ತು ಬೇಕು. ಎತ್ತಲಿಲ್ಲ ಎಂದು ಇಟ್ಟುಬಿಡಬೇಡ. ಬರುತ್ತಿರುತ್ತಾನೆ.